ಅಪ್ಪ ಓದದೆ ಬಿಟ್ಟ ಸಾಲುಗಳು

ಫೆಬ್ರವರಿ ೯

ಅಮ್ಮನಿಗೆ,

(ಓದುವವರು ಅಪ್ಪ ಎಂದು ಗೊತ್ತಿದೆ. ಅಪ್ಪ, ನಿಧಾನವಾಗಿ ಓದಿ. ನಡುವೆ ಗಂಟಲು ಸರಿಮಾಡಿಕೊಳ್ಳಬೇಡಿ.)

ಕಣ್ಣಿನ ಒಳಪರದೆ ಕಿತ್ತು ಬಂದಿತ್ತು, ಆಪರೇಷನ್ ಆಯಿತು, ಇನ್ನು ಕೆಲವು ವಾರ ಮುಖ ಕೆಳಗೆ ಮಾಡಿಯೇ ಮಲಗಬೇಕು, ಓದುವಂತಿಲ್ಲ, ಬಗ್ಗುವಂತಿಲ್ಲ, ಅಳುವಂತಿಲ್ಲ ಎಂದು ಅಪ್ಪ ಬರೆದದ್ದು ತಲುಪಿತು. ನೀನು ದಿಂಬಿಗೆ ಮುಖ ಒತ್ತಿಕೊಂಡು ನೆಲದ ಜೊತೆ ಮಾತಾಡುವುದನ್ನು ನೆನೆಸಿಕೊಂಡು ಮೊದಲು ನಕ್ಕೆ. ಆಮೇಲೆ ನಗು ಅಲ್ಲಿಗೇ ನಿಂತಿತು. ಫೋನ್ ಮಾಡೋಣವೆಂದರೆ ತಮ್ಮ ಕಿವಿ ಮಂದವೆಂದು ಅಪ್ಪ ಅದನ್ನು ಸ್ಪೀಕರಿಗೆ ಹಾಕುತ್ತಾರೆ, ನನ್ನ ಸುದ್ದಿ ನಿನಗಿಂತ ಮೊದಲು ಕೆಳಗಿನ ಮನೆಯವರಿಗೆ ಗೊತ್ತಾಗುತ್ತದೆ. ಈ ಕಡೆ ನಾನು ಯಾವ ಮೂಲೆಯಲ್ಲಿ ನಿಂತು ಪಿಸುಗುಟ್ಟಿದರೂ ಅತ್ತೆಗೆ ಕೇಳುತ್ತದೆ. ಅದಕ್ಕೇ ಕಾಗದ.

ಹೇಗೆ ಶುರು ಮಾಡಲಿ ಎಂದು ತಿಳಿಯದೆ ಎರಡು ಹಾಳೆ ಹರಿದೆ. ಅಮ್ಮ, ನನ್ನ ಎಡ ಎದೆಯಲ್ಲಿ ಒಂದು ಗಂಟು ಸಿಕ್ಕಿದೆ. ಸ್ನಾನ ಮಾಡುವಾಗ ಸೋಪಿನ ಕೈಗೆ ತಾಗಿತು. ಗೋಲಿಗಿಂತ ಚಿಕ್ಕದು. ಒತ್ತಿದರೆ ಜಾರುತ್ತದೆ, ನೋವಿಲ್ಲ. ನೋವಿಲ್ಲ ಎಂದರೆ ಒಳ್ಳೆಯದು ಎಂದು ಇವರು, ನೋವಿಲ್ಲ ಎಂದರೇ ಕೆಟ್ಟದ್ದು ಎಂದು ನಾನು ಎಲ್ಲೋ ಓದಿದ್ದು. ಎದೆಯ ಗಂಟುಗಳನ್ನೇ ನೋಡುವ ಡಾಕ್ಟರಮ್ಮ ಒಬ್ಬರ ಹತ್ತಿರ ಹೋಗಿ ಸ್ಕ್ಯಾನಿಂಗ್ ಮಾಡಿಸಿ ಬಂದೆವು. "ಸೂಜಿ ಹಾಕಿ ನೋಡದೆ ಇದು ಇಂಥದ್ದೇ ಅಂತ ಹೇಳೋಕಾಗಲ್ಲ" ಎಂದರು.

ಸೂಜಿ ಎರಡು ಥರ. ಸಣ್ಣ ಸೂಜಿ, ರಕ್ತ ತೆಗೆಯುತ್ತಾರಲ್ಲ, ಅದಕ್ಕಿಂತಲೂ ತೆಳ್ಳಗೆ. ಗಂಟಿನೊಳಗೆ ಆಡಿಸಿ ಒಂದಿಷ್ಟು ಜೀವಕೋಶಗಳನ್ನು ಎಳೆದು, ಗಾಜಿನ ಮೇಲೆ ಸವರಿ ನೋಡುತ್ತಾರೆ. ದಪ್ಪ ಸೂಜಿ ಒಳಗೆ ಟೊಳ್ಳು. ಆ ಜಾಗವನ್ನು ಮರಗಟ್ಟಿಸಿ, ದಾರದ ತುಣುಕಿನಷ್ಟು ಮಾಂಸ ಕತ್ತರಿಸಿ ತೆಗೆಯುತ್ತಾರೆ. "ನನ್ನ ಕೇಳಿದ್ರೆ ದಪ್ಪದ್ದೇ ಸರಿ. ಆದ್ರೆ ಅದಕ್ಕೆ ಸರತಿ ಇದೆ. ಸಣ್ಣದನ್ನ ಈ ವಾರವೇ ಮಾಡಬಹುದು. ಯೋಚನೆ ಮಾಡಿ ಹೇಳಿ" ಎಂದರು. ಯೋಚನೆ ಮಾಡಲು ನನ್ನ ಹತ್ತಿರ ಬಿಟ್ಟದ್ದೇ ತಪ್ಪಾಯಿತು. ಕಾಲೇಜಿನಲ್ಲಿ ಅಂಕಿ ಅಂಶ ಓದಿದವಳು ನಾನು. ಸಿಕ್ಕಿದ್ದನ್ನೆಲ್ಲ ಓದಿದೆ. ಒಂದು ಕಡೆ ಸಣ್ಣ ಸೂಜಿಯೇ ಸಾಕು ಅಂತ, ಇನ್ನೊಂದು ಕಡೆ ಅದರ ಕಾಲ ಮುಗಿಯಿತು ಅಂತ. ನೂರಕ್ಕೆ ಇಷ್ಟು ಎಂದು ಅವರು ಬರೆಯುವಾಗ ಆ ನೂರರಲ್ಲಿ ನಾನು ಎಲ್ಲಿ ನಿಂತಿದ್ದೇನೆ ಎಂದು ಯಾರೂ ಬರೆಯುವುದಿಲ್ಲ. ನೀನು ಹೇಳು ಅಮ್ಮ, ಯಾವುದು?

ಬೇರೆ ಸುದ್ದಿ: ನಿನ್ನ ಮೊಮ್ಮಗಳು ಇಲಿ ಹಾಲು ಬಿಟ್ಟಳು. ಒಂದೂವರೆ ವರ್ಷದವಳಿಗೆ ಇನ್ನೂ ಎದೆಹಾಲೇ ಎಂದು ನೀನು ಬೈಯುತ್ತಿದ್ದೆಯಲ್ಲ, ಇನ್ನು ಚಿಂತೆ ಬೇಡ. ಅತ್ತೆ ಹಟ ಹಿಡಿದು ಬಿಡಿಸಿದರು, ಬೀದಿಗೆಲ್ಲ ಹೇಳಿಕೊಂಡು ಬಂದರು. ಮಧ್ಯಾಹ್ನ ಅವರು ಮಲಗಿದಾಗ ನಾನೂ ಇಲಿಯೂ ತಾರಸಿಗೆ ಹೋಗಿ ಒಣಗಿದ ಬಟ್ಟೆ ತರುತ್ತೇವೆ. ನೀರಿನ ಟ್ಯಾಂಕಿನ ಪಕ್ಕ ತಣ್ಣಗೆ ನೆರಳಿದೆ.

ಬೇಗ ಬರೆಯಿರಿ.

ಇಬ್ಬರ ಮಗಳು

---

ಫೆಬ್ರವರಿ ೧೬

ಮಗಳೇ,

ನಾನು ಹೇಳುತ್ತೇನೆ, ನಿಮ್ಮಪ್ಪ ಬರೆಯುತ್ತಾರೆ. ಅಕ್ಷರ ಗೋದಾಮಿನ ಚೀಲಕ್ಕೆ ಕಟ್ಟುವ ಚೀಟಿಯ ಹಾಗಿದ್ದರೆ ನನ್ನನ್ನು ಬೈಯಬೇಡ. ನನ್ನ ಪಾಲಿಗೆ ಈಗ ಲೋಕವೆಂದರೆ ಒಂದು ದಿಂಬು, ಅದರಾಚೆ ಎರಡು ಕಾಲು. ನಿಮ್ಮಪ್ಪನ ಕಾಲು ಇಷ್ಟು ಚೆನ್ನಾಗಿ ನಾನು ಯಾವತ್ತೂ ನೋಡಿರಲಿಲ್ಲ. ಉಗುರು ಕತ್ತರಿಸಿಕೊಳ್ಳಿ ಎಂದೆ. (ಕತ್ತರಿಸಿಕೊಂಡಿದ್ದೇನೆ. — ಬರೆಯುವವನು)

ನಿನ್ನ ಕಾಗದ ಕೇಳಿ ಸಂತೋಷವಾಯಿತು. ಆದರೆ ಇದೇನೇ, "ಮಗು ಚೆನ್ನಾಗಿದೆ" ಎಂದು ಮೂರು ಸಲ ಬರೆದಿದ್ದೀಯ? ನೀನು ಅವಳನ್ನು "ಮಗು" ಎನ್ನುವುದೇ ಇಲ್ಲವಲ್ಲ, ಇಲಿ ಹಾಗೆ ಮಾಡಿದಳು, ಇಲಿ ಹೀಗೆ ಕಚ್ಚಿದಳು ಎಂದು ಪುಟಗಟ್ಟಲೆ ಬರೆಯುವವಳು. ತಾರಸಿಯಲ್ಲಿ ಬಿಸಿಲು ಜಾಸ್ತಿ, ಅವಳಿಗೆ ಟೋಪಿ ಹಾಕು. ದಿನಾ ಹೋಗಿ ತರುವಷ್ಟು ಬಟ್ಟೆ ಅದೇನು ಒಗೆಯುತ್ತೀರಿ ನೀವು?

ನಿಮ್ಮತ್ತೆಯವರಿಗೆ ಕೇಳಿದೆ ಎಂದು ಹೇಳು. ಬಿಡಿಸಿದ್ದು ಒಳ್ಳೆಯದಾಯಿತು ಎಂದೂ ಹೇಳು.

ಅಮ್ಮ

(ಪ್ರತ್ಯೇಕ ಹಾಳೆ)

ವಿಷಯ: ಗಂಟು.
ಉಲ್ಲೇಖ: ನಿನ್ನ ಫೆಬ್ರವರಿ ೯ರ ಪತ್ರ, ಎರಡು ಮತ್ತು ಮೂರನೆಯ ಪುಟ.

ಮೇಲ್ಕಂಡ ಪುಟಗಳನ್ನು ನಿನ್ನ ತಾಯಿಗೆ ಓದಿ ಹೇಳಿಲ್ಲ. ಕಣ್ಣಿನ ಡಾಕ್ಟರು ಅಳಬಾರದು ಎಂದಿದ್ದಾರೆ. ಖಾಲಿ ಬಿದ್ದ ಜಾಗದಲ್ಲಿ ನಾನೇ ಒಂದೆರಡು ವಾಕ್ಯ ಸೇರಿಸಿದೆ. ಕಥೆ ಕಟ್ಟುವುದು ನನಗೆ ಬರುವುದಿಲ್ಲ, ಒಂದೇ ವಾಕ್ಯ ಮತ್ತೆ ಮತ್ತೆ ಬಂದಿರಬಹುದು.

ಆ ಜಾಗದ ವಿಚಾರ ಒಬ್ಬ ತಂದೆ ಬರೆಯುವಂಥದ್ದಲ್ಲ. ಆದರೂ ಉತ್ತರಿಸಬೇಕಾಗಿದೆ. ಧಾನ್ಯದ ಗೋದಾಮಿನಲ್ಲಿ ನನ್ನ ಕೆಲಸ ಏನಿತ್ತು ಎಂದು ನಿನಗೆ ಗೊತ್ತು. ಗೋಧಿಯ ಚೀಲ ಬಿಚ್ಚದೆ, ಚೂಪು ಮೂತಿಯ ಒಂದು ಟೊಳ್ಳು ಕೊಳವೆ ಚುಚ್ಚಿ ಎಳೆದರೆ ಅಂಗೈ ತುಂಬ ಕಾಳು ಬರುತ್ತದೆ. ಅದನ್ನು ನೋಡಿ ಇಡೀ ಚೀಲಕ್ಕೆ ತೀರ್ಮಾನ ಕೊಡುತ್ತಿದ್ದೆ. ಸಣ್ಣ ಕೊಳವೆಯೂ ಇತ್ತು, ದೊಡ್ಡದೂ ಇತ್ತು. ಸಣ್ಣದರಲ್ಲಿ ಚೀಲಕ್ಕೆ ತೂತು ಕಡಿಮೆ, ಕೆಲಸ ಬೇಗ. ಹುಳ ಇದ್ದರೆ ಅದರಲ್ಲೂ ಸಿಗುತ್ತದೆ. ನನ್ನ ಅಭಿಪ್ರಾಯ: ಸಣ್ಣದು ಸಾಕು.

ಹುಳ ಎಂದದ್ದು ಕಾಳಿನ ವಿಚಾರಕ್ಕೆ ಮಾತ್ರ.

ತಂದೆ

---

ಫೆಬ್ರವರಿ ೨೩

ಅಪ್ಪನಿಗೆ,

ಮೊದಲನೆಯ ಹಾಳೆ ಅಮ್ಮನಿಗೆ ಓದಲು ಬೇರೆ ಬರೆದಿದ್ದೇನೆ. ಅದರಲ್ಲಿ ಇಲಿ ನಿಮ್ಮ ಹಳೆಯ ಟಾರ್ಚಿನೊಳಗೆ ಬಟನ್ ತುರುಕಿದ ಕಥೆ ಇದೆ, ಪೂರ್ತಿ ಓದಿ, ಏನೂ ಸೇರಿಸಬೇಡಿ. ಇದು ನಿಮಗೆ.

ನೀವು ಹೇಳಿದ ಹಾಗೆ ಸಣ್ಣ ಸೂಜಿ ಆಯಿತು. ನೀವು ಹೇಳಿದ್ದಕ್ಕೇ ಮಾಡಿಸಿದೆನೋ, ಬೇಗ ಮುಗಿಯಲಿ ಎಂದು ಮಾಡಿಸಿದೆನೋ, ದಪ್ಪದರ ಹೆದರಿಕೆಗೆ ಮಾಡಿಸಿದೆನೋ, ಈಗ ಕೇಳಿದರೆ ಮೂರೂ ಒಂದರೊಳಗೊಂದು ಕಲಸಿಕೊಂಡಿವೆ.

ಇವರಿಗೆ ರಜೆ ಸಿಗಲಿಲ್ಲ, ಅತ್ತೆ ಜೊತೆಗೆ ಬಂದರು. ಕಿರಿದಾದ ಕೋಣೆ. ಹಸಿರು ಪರದೆ, ಮೇಲೆ ಒಂದೇ ಸಮನೆ ಗುಯ್‌ಗುಡುವ ಫ್ಯಾನು. ನರ್ಸ್ ಒಬ್ಬಳು ಮಡಿಲಲ್ಲಿ ಹಲಗೆ ಇಟ್ಟುಕೊಂಡು ಪ್ರಶ್ನೆ ಕೇಳಿ ಬರೆದುಕೊಂಡಳು. ವಯಸ್ಸೆಷ್ಟು, ಮಕ್ಕಳೆಷ್ಟು, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ. ಆಮೇಲೆ ಕೇಳಿದಳು, "ಈಗ ಹಾಲು ಕುಡಿಸ್ತಾ ಇದೀರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಇಲ್ಲಮ್ಮ, ಬಿಡಿಸಿ ಆಯ್ತು, ನಾನೇ ಬಿಡಿಸ್ದೆ. ಇವಳನ್ನ ಕೇಳ್ಕೊಂಡು ಕೂತಿದ್ರೆ ಮಗು ಸ್ಕೂಲಿಗೆ ಹೋಗೋ ತನಕ ಕುಡೀತಿತ್ತು" ಎಂದರು. ನರ್ಸ್ ನಕ್ಕಳು. ನಾನು ಗೋಡೆಯ ಗಡಿಯಾರ ನೋಡಿದೆ.

ಸೂಜಿ ನೋವಾಗಲಿಲ್ಲ ಎಂದರೆ ಸುಳ್ಳು, ತುಂಬಾ ಆಯಿತು ಎಂದರೂ ಸುಳ್ಳು. ಡಾಕ್ಟರಮ್ಮ ಗಂಟನ್ನು ಎರಡು ಬೆರಳಿನ ನಡುವೆ ಹಿಡಿದು, ಸ್ಕ್ಯಾನಿನ ಪರದೆ ನೋಡುತ್ತಾ ಚುಚ್ಚಿ, ಹಿಂದೆ ಮುಂದೆ ಆಡಿಸಿದರು. ಆಮೇಲೆ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಇಟ್ಟು ಇನ್ನೊಂದು ಪಟ್ಟಿಯಿಂದ ಎಳೆದರು. ಗಾಜಿನ ಮೇಲೆ ಏನೋ ಮಬ್ಬಾಗಿ ಹರಡಿತು. ಕಿಟಕಿಗೆ ಉಸಿರು ಬಿಟ್ಟ ಹಾಗೆ. ಇಷ್ಟೇನಾ ನಾನು ಎನಿಸಿತು.

ಮನೆಗೆ ಬಂದ ಮೇಲೆ ನಿಮ್ಮ ಚೀಲದ ಬಗ್ಗೆ ಯೋಚಿಸಿದೆ. ಕೊಳವೆಯಲ್ಲಿ ಬಂದ ಕಾಳು ಕೈಯಲ್ಲಿ ಸುರಿದುಕೊಂಡ ಮೇಲೆ, ಯಾವ ಕಾಳಿನ ಪಕ್ಕ ಯಾವುದಿತ್ತು ಎಂದು ನಿಮಗೆ ಗೊತ್ತಾಗುತ್ತಿತ್ತೇ? ಗೊತ್ತಾಗುವ ಅಗತ್ಯ ಇತ್ತೇ? ಸುಮ್ಮನೆ ಕೇಳಿದೆ. ನಿದ್ದೆ ಇಲ್ಲದವಳ ಪ್ರಶ್ನೆಗೆಲ್ಲ ಉತ್ತರ ಕೊಡಬೇಕಾಗಿಲ್ಲ.

ನಿಮ್ಮ ಮಗಳು

---

ಮಾರ್ಚ್ ೪

ಅಪ್ಪ,

ನಿಮ್ಮ ಉತ್ತರ ಬರುವ ಮೊದಲೇ ರಿಪೋರ್ಟ್ ಬಂತು. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಜೀವಕೋಶಗಳು ಸಹಜವಾಗಿ ಕಾಣುತ್ತಿಲ್ಲ, ಖಚಿತವಾಗಿ ಹೇಳಲಾಗದು, ದಪ್ಪ ಸೂಜಿಯಿಂದ ತುಂಡು ತೆಗೆದು ನೋಡುವುದು ಉಚಿತ ಎಂದು ಬರೆದಿದ್ದಾರಂತೆ, ಡಾಕ್ಟರಮ್ಮ ಕನ್ನಡ ಮಾಡಿ ಹೇಳಿದರು. "ಉಚಿತ" ಎಂಬ ಮಾತಿಗೆ ಇವರು "ಪುಕ್ಕಟೆನಾ?" ಎಂದರು. ನಾನು ನಕ್ಕುಬಿಟ್ಟೆ ಅಪ್ಪ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಜನ ತಿರುಗಿ ನೋಡುವ ಹಾಗೆ. ಇವರು ನನ್ನ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು. ಮುಚ್ಚಳ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು.

ಈಗ ಮನೆಯಲ್ಲಿ ಎಲ್ಲರೂ ಸೂಜಿ ಪಂಡಿತರು. ಅತ್ತೆ, "ಒಂದ್ಸಲ ಚುಚ್ಚಿದ್ದೇ ತಪ್ಪು. ಮಲಗಿರೋದನ್ನ ಕೆದಕಿದ್ರೆ ಎದ್ದು ಊರೆಲ್ಲಾ ಓಡಾಡುತ್ತೆ" ಎನ್ನುತ್ತಾರೆ. ಡಾಕ್ಟರಮ್ಮನನ್ನು ಕೇಳಿದೆ. "ಸೂಜಿಯಿಂದ ಹರಡುತ್ತೆ ಅಂತ ಹೆದರಿ ಸುಮ್ನೆ ಕೂರೋದೇ ದೊಡ್ಡ ಅಪಾಯ" ಎಂದರು. ಪಕ್ಕದ ಮನೆಯ ಟೀಚರ್, ಗಾಳಿ ಎಳೆಯುವ ಯಂತ್ರವಿರುವ ಮೂರನೆಯ ಸೂಜಿಯೂ ಇದೆ, ಒಂದೇ ಸಲ ಚುಚ್ಚಿ ಬೇಕಾದಷ್ಟು ತುಂಡು ತೆಗೆಯುತ್ತದೆ, ಅದನ್ನೇ ಕೇಳು ಎಂದರು. ಕೇಳಿದೆ. ಸ್ಕ್ಯಾನಿನಲ್ಲಿ ಇಷ್ಟು ಚೆನ್ನಾಗಿ ಕಾಣುವ ಗಂಟಿಗೆ ಅದು ಬೇಕಿಲ್ಲವಂತೆ. ಇವರು, "ಪೂರ್ತಿ ಕೊಯ್ದು ತೆಗೆಸಿಬಿಡೋಣ, ತಲೆನೋವೇ ಬೇಡ" ಎಂದರು. ಅದಕ್ಕೂ ಡಾಕ್ಟರಮ್ಮ ತಲೆಯಾಡಿಸಿದರು, ಏನೆಂದು ತಿಳಿಯದೆ ಕೊಯ್ಯುವುದು ಹಿಂದಿನ ಕಾಲದ ಪದ್ಧತಿ ಎಂದರು. ಎಲ್ಲವೂ ಕೇಳುವಾಗ ಸರಿ ಎನಿಸುತ್ತದೆ. ಅಡುಗೆಮನೆಗೆ ಬಂದು ಒಲೆ ಹಚ್ಚುವಷ್ಟರಲ್ಲಿ ಯಾವುದು ಯಾಕೆ ಸರಿ ಎಂಬುದು ಮರೆತುಹೋಗುತ್ತದೆ.

ನನಗೆ ಹೆದರಿಕೆ ಸಾಯುವುದರದ್ದೋ ಬೇರೆಯದ್ದೋ ಗೊತ್ತಾಗುತ್ತಿಲ್ಲ. ಇಲಿ ತೊಡೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಅವಳು ನನ್ನನ್ನು ನೆನಪಿಟ್ಟುಕೊಳ್ಳುವ ವಯಸ್ಸಿಗೆ ಇನ್ನೂ ಬಂದಿಲ್ಲ. ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಮತ್ತೆ ತೆಗೆದುಕೊಂಡಿದ್ದೇನೆ.

ಅಪ್ಪ, ನಿಮ್ಮನ್ನು ಒಂದು ಕೇಳಬೇಕು. ಚೀಲಕ್ಕೆ ಕಟ್ಟುವ ಚೀಟಿಯಲ್ಲಿ ಒಂದು ಮಾತು ತಪ್ಪಾಗಿದ್ದರೆ

(ಇಲ್ಲಿ ಮೂರು ಸಾಲು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಬೇಡಿ.)

ಮಗಳು

---

ಮಾರ್ಚ್ ೧೦

ವಿಷಯ: ಮೇಲಿನದೇ.
ಉಲ್ಲೇಖ: ನಿನ್ನ ಎರಡು ಪತ್ರಗಳು.

ಮೊದಲ ಪತ್ರದ ಪ್ರಶ್ನೆಗೆ: ಇಲ್ಲ. ಕೈಗೆ ಸುರಿದುಕೊಂಡ ಮೇಲೆ ಯಾವ ಕಾಳು ಯಾವುದರ ಪಕ್ಕ ಇತ್ತು ಎಂದು ತಿಳಿಯುವುದಿಲ್ಲ. ಅಗತ್ಯವೂ ಇರಲಿಲ್ಲ. ಚೀಲದಲ್ಲಿ ಕಾಳಿಗೆ ನೆರೆಹೊರೆ ಎಂಬುದಿಲ್ಲ.

ಈ ವಾಕ್ಯ ಬರೆದ ಮೇಲೆ ನನಗೇ ಅನುಮಾನ ಬಂತು. ನಿನ್ನೆ ನಿನ್ನ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ಹೊರಗೆ ಬಂದ ಮೇಲೆ ಏನೋ ಮರೆತವನಂತೆ ಒಳಗೆ ಹೋಗಿ, ಸಣ್ಣ ಸೂಜಿ ಮೇಲೋ ದಪ್ಪ ಸೂಜಿ ಮೇಲೋ ಎಂದು ಕೇಳಿದೆ. ಅವರು ಗಾಬರಿಯಾಗಿ, "ಕಣ್ಣಿಗಾ?" ಎಂದರು. ಅಲ್ಲ ಎಂದೆ. ಎಲ್ಲಿಗೆ ಎಂದು ಕೇಳಿದರು. ನಾನು ನನ್ನ ಕೋಟಿನ ಜೇಬು ಮುಟ್ಟಿ ತೋರಿಸಿದೆ. ಅವರಿಗೆ ಅರ್ಥವಾಯಿತು. ಸಣ್ಣದರಲ್ಲಿ ಬಿಡಿ ಜೀವಕೋಶ ಬರುತ್ತದೆ, ದಪ್ಪದರಲ್ಲಿ ಅವು ಹೇಗೆ ಹೊಂದಿಕೊಂಡು ಕೂತಿದ್ದವೋ ಹಾಗೆಯೇ ಬರುತ್ತದೆ, ಕೂತ ರೀತಿ ನೋಡಿದರೆ ಎಷ್ಟೋ ವಿಷಯ ತಿಳಿಯುತ್ತದೆ ಎಂದರು. ಅಂದರೆ ಅಲ್ಲಿ ನೆರೆಹೊರೆ ಇದೆ. ಮೈ ಚೀಲವಲ್ಲ. ನನ್ನ ಫೆಬ್ರವರಿ ೧೬ರ ಅಭಿಪ್ರಾಯವನ್ನು ಹಿಂತೆಗೆದುಕೊಂಡಿದ್ದೇನೆ.

ಅದನ್ನು ನಂಬಿ ನೀನು ಸಣ್ಣದಕ್ಕೆ ಹೋದೆ. ಈಗ ಎರಡನೆಯ ಸಲ ಚುಚ್ಚಬೇಕಾಯಿತು. ಊಟ ಸೇರುತ್ತಿಲ್ಲ. ನಿನ್ನ ತಾಯಿ ಕೇಳಿದ್ದಕ್ಕೆ ಹಲ್ಲುನೋವು ಎಂದಿದ್ದೇನೆ. ಅವಳು ಈಗ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕಳಿಸಲು ಹಟ ಹಿಡಿದಿದ್ದಾಳೆ.

ಹೊಡೆದು ಹಾಕಿದ ಸಾಲುಗಳನ್ನು ಬೆಳಕಿಗೆ ಹಿಡಿದಿಲ್ಲ.

ತಂದೆ

---

ಮಾರ್ಚ್ ೧೩

ಮಗೂ

ಅಕ್ಷರ ಸಾಲು ಬಿಟ್ಟು ಓಡಿದರೆ ಹಿಂದೆ ಹೋಗಿ ಹಿಡಿದುಕೋ. ಈಗ ಕೂರಬಹುದು. ಓದುವುದು ಬರೆಯುವುದು ಇನ್ನೂ ಬೇಡ ಎಂದಿದ್ದಾರೆ. ಎರಡೂ ಮಾಡಿದೆ. ಮೂರನೆಯದನ್ನೂ ಮಾಡಿದೆ.

ನಿಮ್ಮಪ್ಪ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾರೆ. ನಾನೇ ಕಳಿಸಿದೆ. ಕೋಟು ಮನೆಯಲ್ಲೇ ಬಿಟ್ಟು ಹೋಗುವ ಹಾಗೆ ಮಾಡಿದೆ. ನಿನ್ನ ಕಾಗದವೆಲ್ಲ ಅದರ ಒಳಜೇಬಿನಲ್ಲಿತ್ತು. ಒಂದೊಂದು ಪುಟಕ್ಕೆ ಒಂದು ಯುಗ ಹಿಡಿಯಿತು. ಮೂಗಿಗೆ ತಾಗಿಸಿಕೊಂಡು ಓದಿದೆ.

ನನಗೆ ಮೊದಲ ದಿನವೇ ಅನುಮಾನ. ಅವರು ಓದುವಾಗ ಹಾಳೆ ಸರಿಯುವ ಸದ್ದು ನಾಲ್ಕು ಸಲ, ಕೇಳಿದ್ದು ಒಂದು ಹಾಳೆಯಷ್ಟು. ನಡುನಡುವೆ ಗಂಟಲು ಸರಿಮಾಡಿಕೊಂಡು "ಮಗು ಚೆನ್ನಾಗಿದೆ" ಎನ್ನುವುದು. ನನ್ನ ಕಣ್ಣು ಹೋಗಿತ್ತು, ಕಿವಿ ಹೋಗಿರಲಿಲ್ಲ. ಕೇಳಲಿಲ್ಲ. ಕೇಳಿದರೆ ಪಾಪ, ಅವರು ಸುಳ್ಳು ಹೇಳಲೂ ಬರದೆ ನಿಜ ಹೇಳಲೂ ಬರದೆ ಒದ್ದಾಡುತ್ತಿದ್ದರು.

ಸೂಜಿಯ ವಿಷಯ ನನಗೆ ತಿಳಿಯದು. ಸಣ್ಣದೋ ದಪ್ಪದೋ ಡಾಕ್ಟರು ನೋಡಿಕೊಳ್ಳಲಿ. ನನಗೆ ತಿಳಿದದ್ದು ಬೇರೆ.

ಒಣಗಿದ ಬಟ್ಟೆ ತರಲು ಎರಡು ಕೈ ಬೇಕು. ಒಂದೂವರೆ ವರ್ಷದ ಮಗುವನ್ನು ಎತ್ತಿಕೊಂಡು ತಾರಸಿ ಹತ್ತುವವಳು ಬಟ್ಟೆ ತರಲು ಹೋಗುವುದಿಲ್ಲ. ನಿನಗೆ ಎರಡು ವರ್ಷ ದಾಟಿದ್ದಾಗ ನಾನು ನಿನ್ನನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದೆ. ನಿನ್ನ ಅಜ್ಜಿ, "ಈ ಹುಡುಗಿ ದಿನಕ್ಕೆ ಎಷ್ಟು ಸಲ ಸ್ನಾನ ಮಾಡ್ತಾಳಪ್ಪಾ, ಬಾವಿ ಬತ್ತಿಹೋಗುತ್ತೆ" ಎನ್ನುತ್ತಿದ್ದರು. ಆಮೇಲೆ ನಾನೇ ಅತ್ತೆಯಾಗದಿದ್ದರೂ ಅತ್ತೆಯ ಹಾಗೆ ನಿನಗೆ ಬುದ್ಧಿ ಹೇಳಿದೆ. ಬಿಡಿಸು ಬಿಡಿಸು ಎಂದೆ.

ನರ್ಸ್ ಕೇಳಿದಾಗ ಗಡಿಯಾರ ನೋಡಿದೆ ಎಂದು ಬರೆದಿದ್ದೀಯ. ಎಷ್ಟು ಗಂಟೆಯಾಗಿತ್ತು ಎಂದು ಬರೆದಿಲ್ಲ. ನೀನು ಗಡಿಯಾರ ನೋಡಲೇ ಇಲ್ಲ.

ಅವರು ಹರಟೆಗೆ ಕೇಳುವ ಪ್ರಶ್ನೆಯೇನೇ ಅದು? ಹಾಲಿರುವ ಎದೆಗೂ ಇಲ್ಲದ ಎದೆಗೂ ಏನೂ ವ್ಯತ್ಯಾಸವಿಲ್ಲದಿದ್ದರೆ ಯಾಕೆ ಕೇಳುತ್ತಾರೆ? ಇವತ್ತೇ ಹೋಗಿ ಹೇಳು. ಅತ್ತೆ ಪಕ್ಕದಲ್ಲಿದ್ದರೂ ಹೇಳು. ನಿಮ್ಮಪ್ಪ ಬಂದರು ಅನ್ನಿಸುತ್ತೆ

ಅಮ್ಮ

---

ಮಾರ್ಚ್ ೨೪

ಅಮ್ಮ,

ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಆದರೂ ಇದನ್ನು ಅಪ್ಪನೇ ಓದಲಿ. ಎಲ್ಲವನ್ನೂ ಓದಲಿ. ನಿನ್ನ ಕಣ್ಣು ನನಗೆ ಬೇಕು. (ಅಪ್ಪ, ಎಲ್ಲಾ ಎಂದರೆ ಎಲ್ಲಾ. ನಿಮ್ಮ ಹಲ್ಲು ಈಗ ಹೇಗಿದೆ?)

ನಿನ್ನ ಕಾಗದ ಬಂದಾಗ ಇಲಿಯೂ ನಾನೂ ಟ್ಯಾಂಕಿನ ನೆರಳಿನಲ್ಲಿದ್ದೆವು. ಅವಳು ಕುಡಿಯುತ್ತಾ ಕಾಗದದ ಮೂಲೆ ಜಗ್ಗುತ್ತಿದ್ದಳು. "ಬಟ್ಟೆ ತರಲು ಎರಡು ಕೈ ಬೇಕು" ಎಂಬಲ್ಲಿಗೆ ಬಂದಾಗ ನನ್ನ ಒಂದು ಕೈಯಲ್ಲಿ ಅವಳು, ಇನ್ನೊಂದರಲ್ಲಿ ನೀನು.

ದಪ್ಪ ಸೂಜಿಯ ದಿನವೂ ಅತ್ತೆಯೇ ಬಂದರು. ಇಲಿಯನ್ನು ಬಿಟ್ಟುಬರಲು ಯಾರೂ ಇರಲಿಲ್ಲ, ಅವಳೂ ಬಂದಳು. ಅದೇ ನರ್ಸ್, ಅದೇ ಹಲಗೆ. ಅವಳು ಏನೂ ಕೇಳಲೇ ಇಲ್ಲ, ಹಿಂದಿನದನ್ನೇ ನೋಡಿ ಬರೆಯತೊಡಗಿದಳು. "ಅದರಲ್ಲಿ ಒಂದು ತಪ್ಪಿದೆ, ನಾನು ಹಾಲು ಕುಡಿಸ್ತಾ ಇದೀನಿ" ಎಂದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅವಳು "ಆಂ?" ಎಂದಳು. ಎರಡನೆಯ ಸಲ ಹೇಳುವಾಗ ಎಷ್ಟು ಜೋರಾಯಿತೆಂದರೆ ಹೊರಗೆ ಕೂತವರಿಗೂ ಕೇಳಿಸಿತು.

ಅತ್ತೆ ನನ್ನನ್ನು ನೋಡಿದರು. ಇಲಿಯನ್ನು ನೋಡಿದರು. "ಹಾಗಾದ್ರೆ ನಾನು ಬೀದಿಗೆಲ್ಲಾ ಹೇಳ್ಕೊಂಡು ಬಂದಿದ್ದು?"

ನಾನು ಇಲಿಯ ಕಾಲಿನಿಂದ ಜಾರಿದ ಚಪ್ಪಲಿ ಸರಿಮಾಡಿದೆ.

"ಎಲ್ಲಿ? ಯಾವಾಗ? ನಾನು ಇಡೀ ದಿನ ಮನೇಲೇ ಇರ್ತೀನಲ್ಲೇ."

"ತಾರಸೀಲಿ. ನೀವು ಮಲಗಿದಾಗ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ, "ಅಂದ್ರೆ ನನ್ನ ಮಾತು ನಿಜ ಮಾಡೋಕೆ ಸುಮ್ನೆ ಮಲಗಿ ಚುಚ್ಚಿಸ್ಕೊಂಡ್ಯಾ? ನಾನೇನು ಅಷ್ಟು ದೊಡ್ಡ ರಾಕ್ಷಸಿನಾ?" ಎಂದರು. ಬೈದದ್ದೋ ಅತ್ತದ್ದೋ ನನಗೆ ಈಗಲೂ ಗೊತ್ತಾಗುತ್ತಿಲ್ಲ. ಇಲಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡು ಹೊರಗೆ ಹೋದರು.

ಡಾಕ್ಟರಮ್ಮ ಬಂದು ಕೇಳಿ ಹಣೆಗೆ ಕೈ ಇಟ್ಟುಕೊಂಡರು. "ಅಯ್ಯೋ, ಇದನ್ನ ಮೊದಲೇ ಹೇಳಬಾರ್ದಾ?" ಗಾಜಿನ ಪಟ್ಟಿ ನೋಡುವ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದರು. ಹಾಲೂಡಿಸುವ ಎದೆಯ ಜೀವಕೋಶಗಳು ದೊಡ್ಡದಾಗಿ, ಚೆಲ್ಲಾಪಿಲ್ಲಿಯಾಗಿ ಕಾಣುತ್ತವಂತೆ. ಹಾಲಿದೆ ಎಂದು ತಿಳಿದು ನೋಡುವವರಿಗೆ ಅದು ಸಹಜ, ಹಾಲಿಲ್ಲ ಎಂದುಕೊಂಡು ನೋಡುವವರಿಗೆ ಅದೇ ಅನುಮಾನ.

ನನ್ನ ಎದೆ ಹಗುರಾಯಿತು. "ಹಾಗಾದ್ರೆ ಏನೂ ಇಲ್ಲ ಅಲ್ವಾ?"

"ಹಾಗಂತ ನಾನು ಹೇಳಲಿಲ್ಲ. ಅದೂ ಇರಬಹುದು, ಇದೂ ಇರಬಹುದು. ಪಟ್ಟಿ ಇನ್ನೊಂದ್ಸಲ ನೋಡ್ತಾರೆ. ಆದ್ರೂ ತುಂಡು ಬೇಕೇ ಬೇಕು."

ಅಂದರೆ ನಿಜ ಹೇಳಿದ ಮೇಲೂ ನಿಂತಲ್ಲೇ ನಿಂತೆ ಅಮ್ಮ. ಒಂದು ವ್ಯತ್ಯಾಸ, ಈ ಸಲ ಗೊಂದಲದಲ್ಲಿ ನನ್ನ ಜೊತೆ ಡಾಕ್ಟರಮ್ಮನೂ ಇದ್ದರು. ಇಲಿಗೆ ಹಾಲು ನಿಲ್ಲಿಸಬೇಕೇ ಎಂದು ಕೇಳಿದೆ. ಇಡೀ ತಿಂಗಳು ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು. ನಿಲ್ಲಿಸಿ ಎಂದುಬಿಡುತ್ತಾರೆ ಎಂದೇ ಅಲ್ಲವೇ ನಾನು ಬಾಯಿ ಮುಚ್ಚಿಕೊಂಡಿದ್ದು. "ಯಾಕೆ ನಿಲ್ಲಿಸ್ಬೇಕು? ಚುಚ್ಚಿದ ಜಾಗದಿಂದ ಒಂದೊಂದ್ಸಲ ಹಾಲು ಜಿನುಗುತ್ತೆ, ಅಪರೂಪ. ಆದ್ರೆ ನೋಡ್ಕೊಳ್ಳೋಣ. ಕುಡಿಸಿ" ಎಂದರು. ಇಷ್ಟೇ. ಒಂದು ಸಲ ಬಾಯಿ ಬಿಟ್ಟಿದ್ದರೆ.

ಮರಗಟ್ಟಿಸುವ ಇಂಜೆಕ್ಷನ್ನೇ ಉರಿಯಿತು, ಆಮೇಲಿನದು ಒತ್ತಿದ ಹಾಗೆ ಮಾತ್ರ. ಚುಚ್ಚುವ ಮೊದಲು ಆ ದಪ್ಪ ಸೂಜಿಯನ್ನು ಗಾಳಿಯಲ್ಲಿ ಹಿಡಿದು ಒಮ್ಮೆ ಒತ್ತಿ ತೋರಿಸಿದರು, "ಟಪ್ ಅಂತ ಸದ್ದು ಬರುತ್ತೆ, ಬೆಚ್ಚಿ ಬೀಳಬೇಡಿ" ಎಂದು. ಹಲಗೆಗೆ ಮೊಳೆ ಹೊಡೆಯುವ ಯಂತ್ರದ ಸದ್ದು. ಟಪ್. ಪರದೆಯ ಆಚೆಯಿಂದ ಇಲಿ, "ತಪ್" ಎಂದಳು. ಮತ್ತೆ ಟಪ್, ಮತ್ತೆ "ತಪ್". ನರ್ಸಿಗೆ ನಗು ತಡೆಯಲಾಗಲಿಲ್ಲ. ಡಾಕ್ಟರಮ್ಮ, "ನಗಬೇಡಿ, ಅಲುಗಾಡ್ತೀರಿ" ಎಂದು ನನಗೆ ಹೇಳುತ್ತಾ ತಾವೇ ನಕ್ಕರು. ಪುಟ್ಟ ಬಾಟಲಿಯ ದ್ರವದಲ್ಲಿ ತುಂಡುಗಳು ಬಿಳಿ ದಾರದ ಹಾಗೆ ತಳಕ್ಕಿಳಿದವು. ಈ ಸಲ ಉಸಿರಿನ ಮಬ್ಬಲ್ಲ. ನೆರೆಹೊರೆಯ ಸಮೇತ ಬಂದ ನಾನು. ಅಪ್ಪ, ಆ ಮಾತು ನಿಮ್ಮದು.

ಹೊರಗೆ ಬಂದಾಗ ಬೆಂಚಿನ ಮೇಲೆ ಇಲಿ ರಂಪ ಮಾಡುತ್ತಿದ್ದಳು. ಅತ್ತೆ ಬಾಳೆಹಣ್ಣು, ಬಿಸ್ಕತ್ತು ಎಲ್ಲಾ ತೋರಿಸಿ ಸೋತಿದ್ದರು. ನನ್ನ ಕಡೆ ತಿರುಗಿಯೂ ನೋಡದೆ, "ಬಲಗಡೆ ಕೊಡು, ಎಡಗಡೆ ಈಗ ಬೇಡ" ಎಂದರು. ತಮ್ಮ ಶಾಲು ತೆಗೆದು ನನ್ನ ಭುಜಕ್ಕೆ ಹಾಕಿದರು. ಮನೆಗೆ ಬಂದ ಮೇಲೆ ಇವತ್ತಿನ ತನಕ ನನ್ನ ಜೊತೆ ನೆಟ್ಟಗೆ ಮಾತಿಲ್ಲ. ಆದರೆ ಮಧ್ಯಾಹ್ನ ತಾರಸಿಗೆ ಹೋಗಿ ಬಟ್ಟೆ ಅವರೇ ತರುತ್ತಾರೆ.

ರಿಪೋರ್ಟ್ ಇನ್ನೂ ಬಂದಿಲ್ಲ. ಬಾಗಿಲು ಸದ್ದಾದರೆ ಸಾಕು, ಎಡ ಎದೆಯ ಮೇಲೆ ನನ್ನ ಕೈ ತಾನಾಗಿ ಹೋಗುತ್ತದೆ. ಅಲ್ಲಿ ಈಗ ನೀಲಿಗಟ್ಟಿದೆ. ನೀನು ಹೇಳಿದ ಮೂರನೆಯದನ್ನು ದಯವಿಟ್ಟು ಮತ್ತೆ ಮಾಡಬೇಡ. ನಾನು ನಿನ್ನ ಪಾಲಿನದನ್ನೂ ಇಲ್ಲೇ ಮಾಡಿ ಮುಗಿಸಿದ್ದೇನೆ.

ನಿನ್ನ ಮಗು

---

ಮಾರ್ಚ್ ೨೯

ವಿಷಯ: ಪೂರ್ತಿ ಓದಿದ ಬಗ್ಗೆ.

ಎಲ್ಲವನ್ನೂ ಓದಿದೆ. ಎರಡು ಕಡೆ ನಿಲ್ಲಿಸಬೇಕಾಯಿತು. ಓದುವವನ ಕಡೆಯಿಂದ ತೊಂದರೆಯಾದದ್ದು, ಕೇಳುವವಳದ್ದಲ್ಲ. ಅವಳೇ ನನಗೆ ನೀರು ತಂದುಕೊಟ್ಟಳು.

ಹಲ್ಲು ಸರಿಯಾಗಿಯೇ ಇದೆ ಎಂದು ಡಾಕ್ಟರು ಆಗಲೇ ಹೇಳಿದ್ದರು.

ಇನ್ನು ಮುಂದೆ ಕಾಗದವನ್ನು ಇಬ್ಬರ ಹೆಸರಿಗೂ ಬರೆಯುವುದು.

ಅಪ್ಪ

---

ಏಪ್ರಿಲ್ ೨

ಅಮ್ಮ, ಅಪ್ಪ,

ಒಂದು ಹಾಳೆಗೆ ಇಷ್ಟೇ ಅಕ್ಷರ ಹಿಡಿಯುವ ಹಾಗೆ ಬರೆಯುತ್ತಿದ್ದೇನೆ. ಅಮ್ಮ, ಇದೊಂದನ್ನು ನೀನೇ ಓದು.

ಕ್ಯಾನ್ಸರ್ ಅಲ್ಲ.

ಹಾಲಿನ ಗಂಟು.

ಹಾಲು ನಿಂತ ಮೇಲೆ ತಾನೇ ಸಣ್ಣದಾಗಬಹುದಂತೆ. ಅಲ್ಲಿಯ ತನಕ ಆಗಾಗ ಸ್ಕ್ಯಾನಿಂಗ್. ಯಾವಾಗ ಬಿಡಿಸಬೇಕು ಎಂದು ನನಗೆ ಈಗಲೂ ಗೊತ್ತಿಲ್ಲ. ಅತ್ತೆಯನ್ನು ಕೇಳಿದೆ. "ನನ್ನನ್ಯಾಕೆ ಕೇಳ್ತೀಯ, ನಾನು ಬಾಯಿ ಮುಚ್ಕೊಂಡಿದೀನಿ" ಎಂದರು. ಮುಚ್ಚಿಕೊಂಡದ್ದು ಅಷ್ಟು ಹೊತ್ತು ಮಾತ್ರ.

ಅಪ್ಪ, ಇದರಲ್ಲಿ ಬಿಟ್ಟು ಓದಲು ಏನೂ ಇಲ್ಲ.

ಮಗು ಚೆನ್ನಾಗಿದೆ. ಈ ಸಲ ಇದನ್ನು ನಾನೇ ಬರೆದದ್ದು.